ಅಪ್ಪನಿಗೆ ಸಿಗುತ್ತಿದ್ದ ಸೀಟು

ನಮ್ಮಪ್ಪನೂ ಮೇಷ್ಟ್ರು. ಅವರು ನಾಗಮಂಗಲದಲ್ಲಿ ಬಸ್ಸು ಹತ್ತಿದರೆ ಯಾರಾದರೂ ಬೀಡಿ ಎಸೆದು, ಎದ್ದು ಜಾಗ ಕೊಡುತ್ತಿದ್ದರು. ಜಮೀನಿನ ಪಾಲಿನಿಂದ ಹಿಡಿದು ಮಗುವಿನ ಹೆಸರಿನವರೆಗೆ ಎಲ್ಲಕ್ಕೂ ಅವರ ಮಾತೇ ಬೇಕಿತ್ತು.

ನಾನೀಗ ಬಿಂಡಿಗನವಿಲೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು. ಪಾಠದ ಜೊತೆಗೆ ಬಿಸಿಯೂಟದ ಮೊಟ್ಟೆ ತರುವುದೂ ನನ್ನ ಕೆಲಸವೇ. ಹೋದ ವಾರ ಮೊಟ್ಟೆಯ ಟ್ರೇಗಳನ್ನು ಎದೆಗವಚಿಕೊಂಡು ಅದೇ ನಾಗಮಂಗಲದಲ್ಲಿ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪ ಥಟ್ಟನೆ ಎದ್ದ.

“ಬನ್ನಿ ಮೇಷ್ಟ್ರೇ, ಇಲ್ಲಿ ಕೊಡಿ.”

ಎದೆಯುಬ್ಬಿತು, ಸುಳ್ಳೇಕೆ ಹೇಳಲಿ?

ಅವನು ಟ್ರೇಗಳನ್ನು ಇಸಿದುಕೊಂಡು ತನ್ನ ಸೀಟಿನ ಮೇಲೆ ಜೋಪಾನವಾಗಿ ಇಟ್ಟ. “ನೀವು ಕಂಬಿ ಗಟ್ಯಾಗಿ ಇಡ್ಕಳಿ. ಮೊಟ್ಟೆ ಒಡ್ದೋದ್ರೆ ನನ್ ಮಗ್ಳು ಸುಮ್ಕೆ ಬುಟ್ಟಾಳಾ?”

ಊರು ಬರುವವರೆಗೆ ಮೊಟ್ಟೆಗಳು ಕೂತಿದ್ದವು, ಮೇಷ್ಟ್ರು ನಿಂತಿದ್ದರು.