ಅರಳಿ ಬೇರು ಹಿಡಿದಿದ್ದ ಕಮಾನು

ಎದುರುಮನೆಯ ಹಳೇ ಗೋಡೆ ಕೆಡವುತ್ತಿದ್ದಾರೆ. ಬೆಳಗಿನಿಂದ ಸುಣ್ಣದ ಗಾರೆಯ ವಾಸನೆ. ನಿಮಗೆ ಅದು ಬರೀ ಧೂಳು. ನನಗೆ ಎದೆ ಹೊಡೆದುಕೊಳ್ಳುತ್ತದೆ. ಎಂ.ಎ. ಓದಿದವನು ಧೂಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡಿದ್ದೇನೆ, ನಗುವುದಾದರೆ ನಗಿ.

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು ಆರೋಗ್ಯಮ್ಮ. ನರಸೀಪುರದ ಬಸ್ಸಿನಲ್ಲಿ ಸುತ್ತೂರು ದಾಟಿ ಹೋದರೆ, ಹೊಳೆದಂಡೆಯ ಕಬ್ಬಿನ ನಡುವೆ ಒಂದು ಪಾಳು ಚರ್ಚು. ಒಂದು ಕಾಲಕ್ಕೆ ದೂರದೂರದಿಂದ ಹರಕೆಯವರು ನಡೆದು ಬರುತ್ತಿದ್ದರಂತೆ. ಈಗ ಸೂರಿಲ್ಲ, ಬಾಗಿಲಿಲ್ಲ. ಬಲಿಪೀಠದ ಮೇಲೊಂದು ಇಟ್ಟಿಗೆ ಕಮಾನು, ಅದನ್ನು ತಬ್ಬಿಕೊಂಡು ಬೆಳೆದ ಅರಳಿ, ಅಷ್ಟೆ. ಮಗಳು ತೀರಿಹೋದ ದಿನದಂದು ಆರೋಗ್ಯಮ್ಮ ಪ್ರತಿವರ್ಷ ಅಲ್ಲಿ ಮೇಣದಬತ್ತಿ ಹಚ್ಚುತ್ತಿದ್ದರು. ಕೆಲವು ವರ್ಷಗಳ ಹಿಂದೆ ನಾನೂ ಜೊತೆಗೆ ಹೋದೆ.

ಬಾಗಿಲೇ ಇಲ್ಲದ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ನೆಗ್ಗಿಲ ಮುಳ್ಳು ಕಂಡು ನಾನು ಹಿಂಜರಿದೆ.

“ಚಪ್ಪಲಿ ಬಿಡ್ಲಾ, ಕಾಲೂ ಕಾಲೇಜಿಗೆ ಓಗಿತ್ತಾ?”

ಒಳಗೆ ಬೋಳುಬೋಳು. ಹಬ್ಬಕ್ಕೆ ದೇವರ ಮನೆ ಚೊಕ್ಕಟವಾಗಲಿ ಎಂದು ಸುತ್ತಲ ಊರಿನ ಭಕ್ತರು ಅರಳಿಯನ್ನು ಬೇರುಸಮೇತ ಕಿತ್ತಿದ್ದರು. ಆರೋಗ್ಯಮ್ಮನಿಗೆ ಖುಷಿಯೋ ಖುಷಿ. “ನೋಡು, ಎಂಗೆ ಬೆಳಕಾಗ್ಯದೆ!” ಎನ್ನುತ್ತ ಕಮಾನಿನಡಿ ಬತ್ತಿ ಹಚ್ಚಿ ಮಂಡಿಯೂರಿದರು.

ಮೇಲಿಂದ ಹಿಟ್ಟು ಜರಡಿ ಹಿಡಿದಂತೆ ಪುಡಿ ಉದುರಿತು. ಆಗ ಹೊಳೆಯಿತು: ಇಷ್ಟು ದಿನ ಕಮಾನನ್ನು ಹಿಡಿದಿದ್ದದ್ದು ಗಾರೆಯಲ್ಲ, ಬೇರು. ಕೂಗಿದೆನೋ ಇಲ್ಲವೋ ನೆನಪಿಲ್ಲ; ಅವರ ತೋಳು ಹಿಡಿದು ಎಳೆದೆ. ಅವರು ಮಂಡಿಯೂರಿದ್ದ ಜಾಗಕ್ಕೇ ಕಮಾನು ಕುಸಿಯಿತು. ಧೂಳಿನೊಳಗಿಂದ ಅವರ ಮೊದಲ ಮಾತು: “ಬತ್ತಿ ಆರೋಯ್ತೇನ್ಲಾ?”

ಆ ಇಟ್ಟಿಗೆಗಳು ಈಗಲೂ ಬೀಳುತ್ತವೆ, ಊಟದ ನಡುವೆ, ಬಸ್ಸಿನಲ್ಲಿ, ನಿಧಾನವಾಗಿ, ಒಂದೊಂದಾಗಿ. ನಾನು ಮತ್ತೆ ಅತ್ತ ಹೋಗಲಿಲ್ಲ. ಆರೋಗ್ಯಮ್ಮನನ್ನೂ ಮನೆಯವರು ಬಿಡಲಿಲ್ಲ. ಅಲ್ಲಿಂದೀಚೆಗೆ ಮಗಳ ಬತ್ತಿ ಅಲ್ಲಿ ಉರಿದೇ ಇಲ್ಲ.

ಇವತ್ತು, ಈ ಧೂಳಿನಲ್ಲೇ, ಅವರು ಬಂದು ಬಾಗಿಲು ಬಡಿದರು.

“ನಾಳೆ ನನ್ ಮಗಳ ದಿನ. ಈ ಸಲ ಒಬ್ಳೇ ಆದ್ರೂ ಓಯ್ತೀನಿ. ಯೋಳ್ಬುಟ್ಟು ಓಗವಾ ಅಂತ ಬಂದೆ.”

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಬಂದ ಮಾತೇ ಬೇರೆ: “ಗೋಡೆ ಹತ್ತಿರ ಕಾಲಿಡುವಂತಿಲ್ಲ. ಹೊರಗೆ ಬಯಲಲ್ಲೇ ಹಚ್ಚಬೇಕು. ಹಾಗಾದರೆ ನಾನೂ ಬರುತ್ತೇನೆ.”

“ಅವ್ಳಿಗೆ ಗೋಡೆ ಯಾಕ್ಲಾ? ಬೆಳಕು ಕಂಡ್ರಾಯ್ತು.” ಆಮೇಲೆ ಮುಚ್ಚಿದ ಕಿಟಕಿಯತ್ತ ನೋಡಿದರು. “ಇದೇನ್ಲಾ, ಕಿಟಕಿ ಮುಚ್ಕೊಂಡು ಕುಂತಿದ್ದೀಯ?”

“ಹೆದರಿಕೆ.”

“ನಂಗಿಲ್ವಾ? ಎದ್ರುಕೊಂಡೇ ಓಗವ. ಮೊದಲ್ನೇ ಬಸ್ಸಿಗೆ ಎದ್ದಿರು.”