ಅಂಚು, ಸೆರಗು, ಮಿರ್ಚಿ

ಬೆಟಗೇರಿಯ ಈ ಗಾಡಿಯಲ್ಲಿ ಮಿರ್ಚಿ ಕರಿಯುವ ವಾಸನೆ ಬಡಿದರೆ ನಿಮಗೆ ಹಸಿವಾಗುತ್ತದೆ. ನಾನು ಹೋದ ವಾರದಿಂದ ಒಂದನ್ನೂ ತಿಂದಿಲ್ಲ. ಕಾರಣ ಹೇಳುತ್ತೇನೆ, ಮೊದಲು ನನ್ನ ದೊಡ್ಡಸ್ತಿಕೆ ಕೇಳಿ.

ಸೀರೆಯ ಮಗ್ಗಗಳಿಗೆ ವಿನ್ಯಾಸ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದರಲ್ಲಿ ಈ ಊರಲ್ಲಿ ನನ್ನಷ್ಟು ಜಾಣ ಇರಲಿಲ್ಲ. ಬರೆಯುತ್ತಿದ್ದವರು ಇಬ್ಬರೇ ಅನ್ನಿ, ನಾನು ಮತ್ತು ಶಿವಪ್ಪ. ಅಂಚಿಗೊಂದು ಫೈಲು, ಸೆರಗಿಗೊಂದು ಫೈಲು. ಅಂಚನ್ನು ತಿದ್ದಿದರೆ ಸೆರಗನ್ನೂ ತಿದ್ದಬೇಕು; ಇಲ್ಲದಿದ್ದರೆ ಎರಡೂ ಕೂಡುವಲ್ಲಿ ನೇಯ್ಗೆ ಹಾಳು. ಯಾರು ಯಾವಾಗ ಏನು ತಿದ್ದಿದರೆಂದು ಕಂಪ್ಯೂಟರು ಹೆಸರು ಸಮೇತ ಚರಿತ್ರೆ ಬರೆದಿಟ್ಟುಕೊಳ್ಳುತ್ತಿತ್ತು. ಆ ಚರಿತ್ರೆಯನ್ನು ಕೆಡಿಸುವುದೇ ನನ್ನ ಹವ್ಯಾಸ. ಪ್ರತಿ ತಿದ್ದುಪಡಿಯ ಜೊತೆ ಮೂರನೆಯದೊಂದು ಫೈಲಿನಲ್ಲಿ ಅಂದು ತಿಂದದ್ದನ್ನು ಬರೆಯುತ್ತಿದ್ದೆ: ‘ಮಿರ್ಚಿ ಎರಡು.’ ‘ಗಿರ್ಮಿಟ್, ಉಳ್ಳಾಗಡ್ಡಿ ಕಡಿಮಿ.’

“ಯಾರರ ಓದ್ಯಾರಲೇ,” ಅನ್ನುತ್ತಿದ್ದ ಶಿವಪ್ಪ.

“ಈ ಕಂಪನ್ಯಾಗ ಓದಾಕ ಯಾರಿಗೆ ಬರತೈತಿ?” ಅನ್ನುತ್ತಿದ್ದೆ ನಾನು.

ಹೋದ ವಾರ ಗಿರಿಜಾ ಕರೆಸಿದಳು. ನಾನು ನಿವೃತ್ತನಾದ ಮೇಲೆ ಆ ಕೆಲಸ ಅವಳದು. ಹಳೆಯ ಚರಿತ್ರೆಯನ್ನೆಲ್ಲ ಜಾಲಾಡಿ, ಒಟ್ಟಿಗೆ ಬದಲಾದ ಫೈಲುಗಳೆಲ್ಲ ಜೋಡಿ ಎಂದು ಹೇಳುವ ಹೊಸ ಸಾಧನವೊಂದನ್ನು ಕಂಪನಿ ತರಿಸಿತ್ತು.

“ಅಜ್ಜಾರ, ಅಂಚು ತಿದ್ದಿದ್ರ ಮಿರ್ಚಿ ಫೈಲನೂ ತಿದ್ದರಿ ಅಂತೈತಿ ಇದು. ಯಾಕ್ರಿ?”

ಹೊಟ್ಟೆ ಹಿಡಿದು ನಕ್ಕೆ. ಒಂದೇ ಬಸ್ಸಿನಿಂದ ಇಳಿದವರೆಲ್ಲ ಬೀಗರೆಂದು ತಿಳಿಯುವ ಈ ಪಂಡಿತನಿಗಿಂತ ಬಸ್‌ಸ್ಟ್ಯಾಂಡಿನ ಎಮ್ಮೆ ಮೇಲು. ತಾನು ಮೆಲ್ಲುತ್ತಿರುವುದು ಏನೆಂದಾದರೂ ಅದಕ್ಕೆ ಗೊತ್ತಿರುತ್ತದೆ.

“ನಿಮ್ಮ ಸಾಹೇಬರ ಕಿವ್ಯಾಗ ಯಾರೋ ಹೂವು ಇಟ್ಟಾರವಾ.”

ಗಿರಿಜಾ ನಗಲಿಲ್ಲ. “ಒಂದ ಸಲ ಮಾತ್ರ ಅಂಚು ಬದಲಾಗಿ ಸೆರಗು ಬದಲಾಗಿಲ್ಲ. ಶಿವಪ್ಪ ಅನ್ನೋರ ಹೆಸರೈತಿ.”

ಗೊತ್ತಿದ್ದದ್ದೇ. ಆ ತಪ್ಪಿನಿಂದ ಶಿಗ್ಲಿಯ ಮಗ್ಗಗಳಲ್ಲಿ ಒಂದು ಮದುವೆಯ ಸೀರೆಗಳೆಲ್ಲ ಕೆಟ್ಟವು. “ನಾ ಅದನ್ನ ಮುಟ್ಟಿಲ್ರಿ,” ಎಂದು ಶಿವಪ್ಪ ಗೋಗರೆದ. ಸಾಹೇಬರು ಚರಿತ್ರೆ ತೆಗೆದು ಹೆಸರಷ್ಟೇ ನೋಡಿ ಅವನನ್ನು ಮನೆಗೆ ಕಳಿಸಿದರು. ನಾನು ಅವನಿಗೆ ‘ಸೆರಗಪ್ಪ’ ಎಂದು ಹೆಸರಿಟ್ಟೆ. ಅವನು ತನ್ನೂರು ಲಕ್ಷ್ಮೇಶ್ವರ ಮುಟ್ಟುವ ಮೊದಲೇ ಆ ಹೆಸರು ಅಲ್ಲಿ ಮುಟ್ಟಿತ್ತು. ನನ್ನ ಚೇಷ್ಟೆಗಳಲ್ಲೆಲ್ಲ ಗಟ್ಟಿಯಾದದ್ದು ಅದೇ.

“ಆದ್ರ ಅವತ್ತೂ ಮಿರ್ಚಿ ಫೈಲ ಬದಲಾಗೇತ್ರಿ,” ಎಂದು ಗಿರಿಜಾ ಪರದೆ ತಿರುಗಿಸಿದಳು. ಓದಿದೆ: ‘ಮಿರ್ಚಿ ನಾಲ್ಕು. ಶಿವಪ್ಪನ ಪಾಲಿಂದೂ ನಾನ ತಿಂದೆ.’

ಅಂದು ನನ್ನ ಕಂಪ್ಯೂಟರು ಕೆಟ್ಟಿತ್ತು. ಶಿವಪ್ಪ ಊಟಕ್ಕೆ ಎದ್ದಾಗ ಅವನ ಕುರ್ಚಿಯಲ್ಲಿ ಕುಳಿತು, ಅವನ ಹೆಸರಿನಲ್ಲೇ ತೆರೆದಿದ್ದ ಕಂಪ್ಯೂಟರಿನಲ್ಲಿ ಅಂಚು ತಿದ್ದಿದ್ದೆ. ಮಿರ್ಚಿ ಮರೆಯಲಿಲ್ಲ, ಸೆರಗು ಮರೆತೆ. ಆಮೇಲೆ, ಮರೆತದ್ದನ್ನೂ ಮರೆತೆ.

ಈಗ ಗಾಡಿಯ ಪಕ್ಕ ನಿಂತು ಫೋನು ತೆಗೆದಿದ್ದೇನೆ. ಇದರಲ್ಲೂ ಅವನು ‘ಸೆರಗಪ್ಪ’ನೇ. ಅಳಿಸಿ ‘ಶಿವಪ್ಪ’ ಎಂದು ತಿದ್ದಿ, ಗುಂಡಿ ಒತ್ತಿದೆ.

ಅತ್ತಲಿಂದ ದನಿ ಬಂತು: “ಹಲೋ, ಸೆರಗಪ್ಪ ಮಾತಾಡಾಕತ್ತೀನ್ರಿ.”