ಮೊದಲು ಪರಾತ, ಆಮೇಲೆ ಹಂಚು

ನಮ್ಮ ಲ್ಯಾಬ್ ಮೇಡಮ್ಮರ ಬಳೆಗಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿ ಅಂಟಿರುತ್ತಿತ್ತು. ಹಲಬರ್ಗಾದ ತುಂಬಿದ ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ರೈಲು ಹಿಡಿದು ಬೀದರಿನ ಕಾಲೇಜಿಗೆ ಬರುವವರು. ಬಂದವರೇ ಲ್ಯಾಬಿನ ಕಂಪ್ಯೂಟರುಗಳತ್ತ ಕಣ್ಣು ಹಾಯಿಸಿ, "ಇವತ್ತ ಯಾರದು ಸತ್ತದ?" ಎನ್ನುತ್ತಿದ್ದರು.

ಹೆಚ್ಚಾಗಿ ನನ್ನದೇ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಡಿಸ್ಕಿಗೆ ಮಾಹಿತಿ ಬರೆಸುವ ಡ್ರೈವರ್ ಎಂಬ ಪ್ರೋಗ್ರಾಂ ಮಾಡಿದ್ದೆ. ಪರೀಕ್ಷಕರು ಬರುವ ವಾರ ಅದು ನಡುನಡುವೆ ನಿಂತುಬಿಡತೊಡಗಿತು. ಫೇಲಾದರೆ ವರ್ಷವೇ ಹೋಯಿತು. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನಾದ ನಾನು, ತಪ್ಪು ಹಳೆಯ ಡಿಸ್ಕಿನದೇ ಎಂದು ಮೂರು ದಿನ ವಾದಿಸಿದೆ. ಮೇಡಂ ಹೊಸ ಡಿಸ್ಕ್ ಹಾಕಿಕೊಟ್ಟರು. ಅದೂ ನಿಂತಿತು.

"ಇದೂ ಹಳೇದೇನಪಾ?"

ಎಲ್ಲಿ ನಿಲ್ಲುತ್ತದೆಂದು ನೋಡಲು, ಪ್ರತಿ ಹಂತದಲ್ಲೂ ಪರದೆಯ ಮೇಲೆ ಒಂದು ಸಾಲು ಬರೆಸುವಂತೆ ಮಾಡಿದೆ. ಪವಾಡ! ಡ್ರೈವರ್ ಓಡತೊಡಗಿತು.

"ಸರಿ ಆತ್ರಿ ಮೇಡಂ."

"ಯಾಕ ಆತು?"

"ಓಡ್ಲಿಕತ್ತದಲ್ರಿ!"

"ಆ ಸಾಲು ಬರೀಲಿಕ್ಕಿ ಒಂಚೂರು ತಡ ಆಗ್ಲಿಕತ್ತದ. ಒಳಗಿನ ಜಗಳ ಮುಗದಿಲ್ಲ ತಮ್ಮಾ, ನಿನ್ನ ಕೋಡಿನ ಎರಡು ಭಾಗ ಎದುರಾಬದುರಾ ಬಂದಿಲ್ಲ, ಅಷ್ಟೇ." ಆಮೇಲೆ ಕುರ್ಚಿ ಎಳೆದುಕೊಂಡರು. "ನಮ್ಮನ್ಯಾಗ ಹಿಟ್ಟು ನಾದೋ ಪರಾತ ಒಂದು, ರೊಟ್ಟಿ ಬೇಯಿಸೋ ಹಂಚು ಒಂದು. ನಾ ಪರಾತ ಹಿಡಕೊಂಡು ಹಂಚಿಗಿ ಕಾಯ್ತೇನಿ, ನಮ್ಮ ನೆಗೆಣ್ಣಿ ಹಂಚು ಹಿಡಕೊಂಡು ಪರಾತಕ್ಕ ಕಾಯ್ತಾಳ. ಯಾರೂ ಬಿಡಂಗಿಲ್ಲ, ಮನಿಮಂದಿ ಪೂರಾ ಉಪಾಸ. ಅದಕ್ಕ ನಮ್ಮತ್ತಿ ಕಾನೂನು ಮಾಡ್ಯಾರ: ಯಾರೇ ಇರ್ಲಿ, ಮೊದಲು ಪರಾತ, ಆಮ್ಯಾಲ ಹಂಚು."

ಕೋಡ್ ತೆರೆದು ನೋಡಿದೆ. ಒಂದು ಭಾಗ ಹಿಡಿದರೆ ಇನ್ನೊಂದು ಕಾಯಲೇಬೇಕಾದ ಲಾಕ್‌ಗಳು ಎರಡಿದ್ದವು. ಮಾಹಿತಿ ಬರೆಯುವ ಭಾಗ ಮೊದಲು ಕೆಲಸಗಳ ಸರದಿಯ ಲಾಕ್, ನಂತರ ಡಿಸ್ಕಿನ ಲಾಕ್ ಹಿಡಿಯುತ್ತಿತ್ತು. ಡಿಸ್ಕ್ ಕೈಕೊಟ್ಟಾಗ ಅದನ್ನು ಮತ್ತೆ ಎಬ್ಬಿಸುವ ಭಾಗದಲ್ಲಿ ಪೂರ್ತಿ ಉಲ್ಟಾ: ಡಿಸ್ಕಿನದನ್ನು ಹಿಡಿದುಕೊಂಡು ಸರದಿಯದಕ್ಕೆ ಕಾಯುತ್ತಿತ್ತು.

ಆದರೂ ಸೋಲೊಪ್ಪಲಿಲ್ಲ. "ನಿಮ್ಮತ್ತಿ ಕಾನೂನಿನಂಗ ಡಿಸ್ಕಿನ ಲಾಕ್ ಬಿಟ್ಟು ಮತ್ತ ಮೊದಲಿಂದ ಹಿಡಿಯೋದ್ರಾಗ ಒಳಗ ಏನಾರ ಬದಲಾದ್ರ?"

"ಬದಲಾಗ್ತದ. ತಿರುಗಿ ಬಂದಾಗ ಪರಾತದಾಗ ಹಿಟ್ಟು ಅದನೋ ಇಲ್ಲೋ ನೋಡಂಗಿಲ್ಲೇನು?"

ಎರಡೂ ಭಾಗಗಳು ಮೊದಲು ಸರದಿಯ ಲಾಕ್, ಆಮೇಲೆ ಡಿಸ್ಕಿನದು ಹಿಡಿದು, ಒಳಗಿನದನ್ನು ಮತ್ತೊಮ್ಮೆ ನೋಡಿಕೊಳ್ಳುವಂತೆ ತಿದ್ದಿದೆ. ಪರೀಕ್ಷೆಯ ದಿನ, ಡ್ರೈವರ್ ಮಾಹಿತಿ ಬರೆಯುತ್ತಿರುವಾಗಲೇ ಪರೀಕ್ಷಕರು ಡಿಸ್ಕಿನ ಕೇಬಲ್ ಕಿತ್ತು, ಮತ್ತೆ ಚುಚ್ಚಿದರು. ಅದು ತಡವರಿಸಿ, ಎದ್ದು ಓಡಿತು. ಮೊದಲು ಅದು ನಿಂತುಬಿಡುತ್ತಿದ್ದ ಕಥೆ ಕೇಳಿ ಅವರು ವಿಚಾರಿಸಿದರು:

"ತಪ್ಪು ಹುಡುಕಿದ್ದು ನೀವೇನಾ?"

"ಅಲ್ಲ ಸರ್, ಮೇಡಂ."

ಹಿಂದಿನಿಂದ ಮೇಡಂ, "ಇಂವನೂ ದುಡದಾನ್ರಿ ಸರ್. ಮೂರು ದಿನ ಡಿಸ್ಕಿಗಿ ಬೈದಾನ," ಎಂದರು.

ಪಾಸಾದೆ. ಆದರೆ ರಿಪೋರ್ಟನ್ನು ಮೊದಲೇ ಬೈಂಡ್ ಮಾಡಿಸಿದ್ದೆ. ಕೃತಜ್ಞತೆಯ ಪುಟದಲ್ಲಿ ಪ್ರಾಂಶುಪಾಲರಿಂದ ಹಿಡಿದು ಜೆರಾಕ್ಸ್ ಅಂಗಡಿಯವನವರೆಗೆ ಎಲ್ಲರಿದ್ದರು, ಮೇಡಂ ಇರಲಿಲ್ಲ. ಅವರು ಔರಾದಿಗೆ ವರ್ಗವಾಗಿ ಹೊರಟ ದಿನ ತಪ್ಪೊಪ್ಪಿಕೊಂಡೆ.

"ಓದೀನಿ ತಮ್ಮಾ. ಭಾಳ ಚಂದ ಬರ್ದೀದಿ, ಖರೇದು ಒಂದೇ ಬಿಟ್ಟೀದಿ," ಎಂದು ನಕ್ಕರು.